ಕೆಲಸ ಬಿಡದೆ ಸೈನಿಕರಾಗುವುದು: ಟೆರಿಟೋರಿಯಲ್ ಆರ್ಮಿ ಕೇಳುವ ತರಬೇತಿ ಎಷ್ಟು, ಏನು?

ಟೆರಿಟೋರಿಯಲ್ ಆರ್ಮಿ, ಅಂದರೆ ಬೇರೆ ಕೆಲಸದಲ್ಲಿದ್ದುಕೊಂಡೇ ಸೇರುವ ಅರೆಕಾಲಿಕ ಸೇನೆ, ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಮಹೇಂದ್ರ ಸಿಂಗ್ ಧೋನಿ. 2011ರಲ್ಲಿ ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿತು. 2015ರಲ್ಲಿ ಆಗ್ರಾದಲ್ಲಿ ಪ್ಯಾರಾಚೂಟ್ ತರಬೇತಿ ಪಡೆದು ವಿಮಾನದಿಂದ ಐದು ಬಾರಿ ಜಿಗಿದರು. 2019ರಲ್ಲಿ ಕಾಶ್ಮೀರಕ್ಕೂ ಹೋಗಿ ಬೆಟಾಲಿಯನ್ ಜೊತೆ ಇದ್ದರು. ಆದರೆ ಗೌರವ ಪದವಿಗೆ ಪ್ರವೇಶ ಪರೀಕ್ಷೆ ಇರುವುದಿಲ್ಲ, ಆಯ್ಕೆ ಮಂಡಳಿಯೂ ಇರುವುದಿಲ್ಲ. ನಿಮ್ಮ ನನ್ನಂಥವರು ಸೇರಬೇಕಾದರೆ ದಾರಿ ಬೇರೆ. ಸಚಿನ್ ಪೈಲಟ್ ಹೋದದ್ದು ಆ ದಾರಿಯಲ್ಲಿ. ಕೇಂದ್ರ ಸಚಿವರಾಗಿದ್ದಾಗಲೇ, 2012ರಲ್ಲಿ, ಆಯ್ಕೆಯ ಹಂತಗಳನ್ನು ದಾಟಿ ಲೆಫ್ಟಿನೆಂಟ್ ಆದರು.

ಆ ದಾರಿಯ ಬಗ್ಗೆ ವಿಚಾರಿಸುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಬರೀ ಒಂದು ತಿಂಗಳು ಟ್ರೈನಿಂಗ್ ಅಂತೆ, ಹೌದಾ?" ಹೌದು, ಮೂಲ ತರಬೇತಿ ಒಂದು ತಿಂಗಳು. ಆದರೆ ಅಷ್ಟನ್ನೇ ತಿಳಿದುಕೊಂಡು ಅರ್ಜಿ ಹಾಕಿದರೆ ಕಷ್ಟ. ಆ ಒಂದು ತಿಂಗಳು ಬಾಗಿಲು ಮಾತ್ರ. ನಿಜವಾದ ಬೇಡಿಕೆ ಇರುವುದು ಅದರ ನಂತರ, ವರ್ಷವರ್ಷವೂ ಬರುವ ಎರಡು ತಿಂಗಳಲ್ಲಿ. ಈ ಲೆಕ್ಕ ಸರಿಯಾಗಿ ಅರ್ಥವಾದರೆ ಟೆರಿಟೋರಿಯಲ್ ಆರ್ಮಿ ಅರ್ಧ ಅರ್ಥವಾದ ಹಾಗೆ.

ಮೊದಲು ಇದು ಏನು, ಏನಲ್ಲ ಅನ್ನುವುದನ್ನು ಸ್ವಲ್ಪ ನೋಡೋಣ. ಟೆರಿಟೋರಿಯಲ್ ಆರ್ಮಿ, ಅಂದರೆ ಟಿಎ, ಭಾರತೀಯ ಭೂಸೇನೆಯ ಭಾಗವೇ. 1948ರ ಕಾಯ್ದೆಯಿಂದ ಹುಟ್ಟಿದ್ದು. 1949ರ ಅಕ್ಟೋಬರ್ 9ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಉದ್ಘಾಟಿಸಿದರು. ಈಗಲೂ ಆ ದಿನವನ್ನೇ ಟಿಎ ದಿನ ಅಂತ ಆಚರಿಸುತ್ತಾರೆ. ಇದಕ್ಕೆ ಮೂರು ಕೆಲಸ ಒಪ್ಪಿಸಿದ್ದಾರೆ. ಒಂದು, ಸೇತುವೆ, ಡಿಪೋ, ನೆಲೆಗಳಂಥ ಕಡೆ ಕಾವಲು ನಿಂತು ಕಾಯಂ ಸೇನೆಯನ್ನು ಆ ಹೊರೆಯಿಂದ ಬಿಡಿಸುವುದು. ಎರಡು, ನೆರೆ, ಭೂಕಂಪದಂಥ ಆಪತ್ತು ಬಂದಾಗ, ಅಗತ್ಯ ಸೇವೆಗಳು ನಿಂತಾಗ ಆಡಳಿತಕ್ಕೆ ಕೈಜೋಡಿಸುವುದು. ಮೂರು, ಬೇಕಾದಾಗ ಕಾಯಂ ಸೇನೆಗೆ ತುಕಡಿಗಳನ್ನು ಕೊಡುವುದು. 1962, 1965, 1971ರ ಯುದ್ಧಗಳಲ್ಲಿ ಟಿಎ ಇತ್ತು. ಶ್ರೀಲಂಕಾದ ಆಪರೇಷನ್ ಪವನ್‌ನಲ್ಲೂ ಇತ್ತು.

ಎನ್‌ಸಿಸಿಯೂ 1948ರ ಕಾಯ್ದೆಯಿಂದಲೇ ಬಂದದ್ದು. ಆದರೆ ಎನ್‌ಸಿಸಿ ಕೆಡೆಟ್‌ಗೆ ಯುದ್ಧಕ್ಕೆ ಹೋಗಬೇಕಾದ ಕರ್ತವ್ಯ ಇಲ್ಲ, ಟಿಎ ಸೈನಿಕನಿಗೆ ಇದೆ. ಕೆಎಸ್‌ಆರ್‌ಪಿ, ಸಿಆರ್‌ಪಿಎಫ್ ಹೆಸರಲ್ಲೂ ಮೀಸಲು ಅನ್ನುವುದಿದ್ದರೂ ಅವು ಪೂರ್ಣಾವಧಿಯ ಪೊಲೀಸ್ ಕೆಲಸ. ಅಗ್ನಿವೀರ್ ಯೋಜನೆ ನಾಲ್ಕು ವರ್ಷದ ಪೂರ್ಣ ಸೇವೆ, ಅಲ್ಲಿ ಆರು ತಿಂಗಳಿಗೂ ಜಾಸ್ತಿ ತರಬೇತಿ ಮುಗಿಸಿದ ಮೇಲೆಯೇ ಯೂನಿಟ್‌ಗೆ ಕಳಿಸುವುದು. ಇವುಗಳ ಮಧ್ಯೆ ಟಿಎ ಒಂದೇ ಬೇರೆ ಥರ. ನಿಮಗೆ ಆಗಲೇ ಒಂದು ಕೆಲಸ ಇರಬೇಕು. ಇಲ್ಲದಿದ್ದರೆ ಅಧಿಕಾರಿ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ.

ಈ ಕೊನೆಯ ಮಾತು ಬಹಳ ಜನರಿಗೆ ವಿಚಿತ್ರ ಅನಿಸುತ್ತದೆ. ಸೇನೆಗೆ ಸೇರಲು ಬೇರೆ ಕೆಲಸ ಯಾಕೆ ಇರಬೇಕು? ಕಾರಣ ಸರಳ. ಟಿಎ ಸಂಬಳ ಕೊಡುವುದು ನೀವು ತರಬೇತಿಯಲ್ಲಿ ಅಥವಾ ಸೇವೆಯಲ್ಲಿ ಇರುವ ದಿನಗಳಿಗೆ ಮಾತ್ರ. ಉಳಿದ ತಿಂಗಳು ನಿಮ್ಮ ಮನೆ ನಡೆಯಬೇಕಲ್ವಾ? ಅದು ನಿಮ್ಮ ಸ್ವಂತ ದುಡಿಮೆಯಿಂದಲೇ ನಡೆಯಬೇಕು. ಅದಕ್ಕೇ ಅಧಿಸೂಚನೆಯಲ್ಲಿ "ಲಾಭದಾಯಕ ಉದ್ಯೋಗದಲ್ಲಿರಬೇಕು" ಅಂತ ಬರೆದಿರುತ್ತಾರೆ. ಸಂಬಳದ ಕೆಲಸವೇ ಆಗಬೇಕೆಂದಿಲ್ಲ. ಸ್ವಂತ ವ್ಯವಹಾರ, ವಕೀಲಿಕೆ, ಕೃಷಿ ಯಾವುದಾದರೂ ಆದೀತು. ಆದಾಯಕ್ಕೆ ದಾಖಲೆ ಇರಬೇಕು, ಅಷ್ಟೇ.

ಅಧಿಕಾರಿಯಾಗುವ ದಾರಿ

ವಯಸ್ಸು 18ರಿಂದ 42. ಯಾವುದಾದರೂ ಪದವಿ. ಕಾಯಂ ಸೇನೆಗೆ ಹೋಗುವ ವಯಸ್ಸು ದಾಟಿದ ಮೇಲೂ ಮನಸ್ಸಿನಲ್ಲಿ ಆಸೆ ಉಳಿಸಿಕೊಂಡವರಿಗೆ ಈ 42 ಅನ್ನುವುದು ದೊಡ್ಡ ಅವಕಾಶ. ಆದರೆ ಸ್ಪರ್ಧೆ ಕಠಿಣ. 2025ರಲ್ಲಿ ನಾಗರಿಕರಿಗೆ ಅಂತ ಕರೆದದ್ದು ದೇಶಕ್ಕೆಲ್ಲ ಸೇರಿ 19 ಹುದ್ದೆ, ಅದರಲ್ಲಿ ಮಹಿಳೆಯರಿಗೆ ಒಂದು. ಈಗಾಗಲೇ ಸೇನೆಯಲ್ಲೋ ಪೊಲೀಸ್‌ನಲ್ಲೋ ಅರೆಸೇನಾ ಪಡೆಯಲ್ಲೋ ಇರುವವರು ಅರ್ಜಿ ಹಾಕುವಂತಿಲ್ಲ. ಸೇನೆಯಿಂದ ನಿವೃತ್ತರಾದ ಅಧಿಕಾರಿಗಳಿಗೆ ಬೇರೆಯದೇ ದಾರಿ ಇದೆ, ಅವರು ಲಿಖಿತ ಪರೀಕ್ಷೆ ಬರೆಯಬೇಕಿಲ್ಲ.

ಲಿಖಿತ ಪರೀಕ್ಷೆಯಲ್ಲಿ ತರ್ಕ, ಲೆಕ್ಕ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಇರುತ್ತವೆ. ಬ್ಯಾಂಕ್ ಪರೀಕ್ಷೆಗೆ ಓದಿದವರಿಗೆ ಇದು ಹೊಸದೇನೂ ಅಲ್ಲ. ಲೆಕ್ಕ ಹೈಸ್ಕೂಲ್ ಮಟ್ಟದ್ದೇ. ಕೆಲಸಕ್ಕೆ ಸೇರಿ ಹತ್ತು ವರ್ಷವಾದವರು ಶೇಕಡಾವಾರು, ಅನುಪಾತ ಮರೆತಿರುತ್ತಾರೆ. ಅದನ್ನು ಮತ್ತೆ ಕೈಗೆ ಹತ್ತಿಸಿಕೊಳ್ಳಬೇಕು, ಬೇರೇನಿಲ್ಲ.

ಗಟ್ಟಿ ಹಂತ ಅಂದರೆ ಎಸ್‌ಎಸ್‌ಬಿ. ಅಂದರೆ ಸರ್ವಿಸಸ್ ಸೆಲೆಕ್ಷನ್ ಬೋರ್ಡ್ ನಡೆಸುವ ಐದು ದಿನದ ಆಯ್ಕೆ. ಕಾಯಂ ಸೇನೆಯ ಅಧಿಕಾರಿಗಳನ್ನು ಆರಿಸುವುದೂ ಇದೇ ಪದ್ಧತಿಯಲ್ಲಿ. ಬೆಂಗಳೂರಿನಲ್ಲೂ ಆಯ್ಕೆ ಕೇಂದ್ರ ಇದೆ. ಮೊದಲ ದಿನವೇ ಸೋಸುತ್ತಾರೆ. ಮಬ್ಬಾದ ಚಿತ್ರವೊಂದನ್ನು ಕೆಲವೇ ಕ್ಷಣ ತೋರಿಸಿ ಅದರ ಮೇಲೆ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಅಲ್ಲಿ ದಾಟದವರು ಅಂದೇ ವಾಪಸ್. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆಗಳು. 60 ಪದಗಳನ್ನು ಒಂದರ ಹಿಂದೆ ಒಂದು ತೋರಿಸುತ್ತಾರೆ. ಒಂದೊಂದಕ್ಕೂ 15 ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಯಬೇಕು. ಇನ್ನೊಂದರಲ್ಲಿ 60 ಸನ್ನಿವೇಶ, 30 ನಿಮಿಷ. ಯೋಚಿಸಿ, ಅಲಂಕರಿಸಿ ಬರೆಯಲು ಪುರುಸೊತ್ತೇ ಇರುವುದಿಲ್ಲ. ಪುರುಸೊತ್ತು ಸಿಗಬಾರದು ಅಂತಲೇ ಹೀಗೆ ಮಾಡಿದ್ದಾರೆ. ಬಾಯಿಪಾಠ ಮಾಡಿದ ಉತ್ತರ ಮೊದಲ ಹತ್ತು ಪದಗಳಿಗೆ ಒದಗೀತು, ಆಮೇಲೆ ಮನುಷ್ಯ ಹೇಗಿದ್ದಾನೋ ಹಾಗೇ ಹೊರಬರುತ್ತಾನೆ.

ಆಮೇಲೆ ಮೈದಾನದ ಕೆಲಸ. ಹಲಗೆ, ಹಗ್ಗ, ಬೊಂಬು ಕೊಟ್ಟು, ಗುಂಪಾಗಿ ಅಡೆತಡೆ ದಾಟಿ ಅಂತ ಬಿಡುತ್ತಾರೆ. ಒಬ್ಬರೇ ದಾಟಬೇಕಾದ ಅಡೆತಡೆಗಳೂ ಇರುತ್ತವೆ. ಇಲ್ಲಿ ಒಂದು ಮಾತು ಹೇಳಲೇಬೇಕು. 38 ವರ್ಷದ ಅಭ್ಯರ್ಥಿ 24ರ ಹುಡುಗನಷ್ಟು ಎತ್ತರ ಜಿಗಿಯದೇ ಇರಬಹುದು. ಆದರೆ ಜೊತೆಯವರನ್ನು ಹೇಗೆ ನಡೆಸಿಕೊಳ್ಳುತ್ತಾನೆ, ಬೇರೆಯವರ ಉಪಾಯ ಚೆನ್ನಾಗಿದ್ದರೆ ಒಪ್ಪುತ್ತಾನಾ, ಕೆಲಸ ಕೆಟ್ಟಾಗ ತಲೆ ತಣ್ಣಗಿರುತ್ತದಾ ಅನ್ನುವುದನ್ನು ಅಧಿಕಾರಿಗಳು ನೋಡುತ್ತಿರುತ್ತಾರೆ. ಹತ್ತು ವರ್ಷ ಆಫೀಸಿನಲ್ಲೋ ಕಾರ್ಖಾನೆಯಲ್ಲೋ ಜನರ ಜೊತೆ ಏಗಿದವರಿಗೆ ಈ ಭಾಗದಲ್ಲಿ ಒಂದು ಅನುಕೂಲ ಇದೆ. ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ವೈದ್ಯಕೀಯ ಪರೀಕ್ಷೆ ಎಸ್‌ಎಸ್‌ಬಿ ನಂತರ. ಬಹಳ ಜನ ಬೀಳುವುದು ಸಣ್ಣ ವಿಷಯಗಳಿಗೆ. ಕಿವಿಯಲ್ಲಿ ಗುಗ್ಗೆ ಕಟ್ಟಿರುತ್ತದೆ. ತೂಕ ಜಾಸ್ತಿ ಇರುತ್ತದೆ. ಮೂಲವ್ಯಾಧಿಗೋ ಹರ್ನಿಯಾಕ್ಕೋ ಚಿಕಿತ್ಸೆ ಮಾಡಿಸಿಕೊಂಡಿರುವುದಿಲ್ಲ. ಹಲ್ಲಿಗೂ ಅಂಕ ಇದೆ. ಒಟ್ಟು 22ರಲ್ಲಿ ಕನಿಷ್ಠ 14 ಬರಬೇಕು. ಇದರಲ್ಲಿ ಅರ್ಧದಷ್ಟು ತೊಂದರೆಗಳನ್ನು ಅರ್ಜಿ ಹಾಕುವ ಮೊದಲೇ ಊರಿನ ಡಾಕ್ಟರ್ ಹತ್ತಿರ ಸರಿಮಾಡಿಸಿಕೊಳ್ಳಬಹುದು. ಇಷ್ಟು ದೂರ ಬಂದು ಕಿವಿಯ ಕೊಳೆಗೆ ಹಿಂದಕ್ಕೆ ಬರುವುದು ಎಂಥ ಸಂಕಟ ನೋಡಿ.

ಮೊದಲು ನಕ್ಷತ್ರ, ಆಮೇಲೆ ತರಬೇತಿ

ಇಲ್ಲಿಂದ ಮುಂದೆ ಟಿಎ ಕಾಯಂ ಸೇನೆಗಿಂತ ಪೂರ್ತಿ ಬೇರೆಯಾಗುತ್ತದೆ. ಕಾಯಂ ಸೇನೆಯಲ್ಲಿ ಶಾರ್ಟ್ ಸರ್ವಿಸ್ ಅಧಿಕಾರಿಯಾಗುವವರು ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ ಕಳೆದ ಮೇಲೆಯೇ ಹೆಗಲ ಮೇಲೆ ನಕ್ಷತ್ರ ಬರುವುದು. ಟಿಎಯಲ್ಲಿ ತಲೆಕೆಳಗು. ಆಯ್ಕೆಯಾದವರಿಗೆ ಮೊದಲೇ ಲೆಫ್ಟಿನೆಂಟ್ ಅಂತ ಕಮಿಷನ್, ಅಂದರೆ ಅಧಿಕಾರಿ ಪದವಿ, ಕೊಡುತ್ತಾರೆ. ತರಬೇತಿ ಆಮೇಲೆ, ಕಂತುಕಂತಾಗಿ.

ಮೊದಲ ಕಂತು ಮೂಲ ತರಬೇತಿ, ಕಮಿಷನ್ ಆದ ಮೊದಲ ವರ್ಷದಲ್ಲಿ ಒಂದು ತಿಂಗಳು. ಎರಡನೆಯದು ವಾರ್ಷಿಕ ತರಬೇತಿ ಶಿಬಿರ, ಎರಡು ತಿಂಗಳು. ಇದು ಮೊದಲ ವರ್ಷವೂ ಇರುತ್ತದೆ, ಆಮೇಲೆ ಪ್ರತಿ ವರ್ಷವೂ ಇರುತ್ತದೆ. ಮೂರನೆಯದು ಅದೇ ಚೆನ್ನೈ ಅಕಾಡೆಮಿಯಲ್ಲಿ ಮೂರು ತಿಂಗಳ ತರಬೇತಿ, ಅದನ್ನು ಮೊದಲ ಎರಡು ವರ್ಷದೊಳಗೆ ಮುಗಿಸಬೇಕು.

ಈಗ ಕೂಡಿಸಿ ನೋಡಿ. ಮೊದಲ ವರ್ಷ ಒಂದು ಮತ್ತು ಎರಡು, ಮೂರು ತಿಂಗಳಾಯಿತು. ಎರಡನೇ ವರ್ಷ ಎರಡು ತಿಂಗಳು. ಇವೆರಡರ ನಡುವೆ ಎಲ್ಲೋ ಒಂದು ಕಡೆ ಚೆನ್ನೈನ ಮೂರು ತಿಂಗಳು. ಎರಡು ವರ್ಷದಲ್ಲಿ ಒಟ್ಟು ಎಂಟು ತಿಂಗಳು ಸಮವಸ್ತ್ರದಲ್ಲಿ! "ಬರೀ ಒಂದು ತಿಂಗಳು" ಅಂದುಕೊಂಡು ಬಂದವರಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಬಾಸ್‌ಗೆ, ಈ ಎಂಟು ತಿಂಗಳು ಹೊಸ ಸುದ್ದಿ. ಚೆನ್ನೈ ತರಬೇತಿ ಎರಡನೇ ವರ್ಷಕ್ಕೆ ಬಿದ್ದರೆ ಆ ವರ್ಷ ಐದು ತಿಂಗಳು ಆಫೀಸಿನಲ್ಲಿ ಇರುವುದಿಲ್ಲ ಅಂತಾಯಿತು. ನಾನು ಯಾರಿಗೇ ಆದರೂ ಹೇಳುವುದು ಇದನ್ನೇ. ಓಟದ ಅಭ್ಯಾಸ ಶುರುಮಾಡುವ ಮೊದಲು ಮನೆಯವರ ಜೊತೆ, ಕೆಲಸದ ಕಡೆ ಈ ಎಂಟು ತಿಂಗಳ ಬಗ್ಗೆ ಕೂತು ಮಾತಾಡಿ. ದೇಹವನ್ನು ಆರು ತಿಂಗಳಲ್ಲಿ ತಯಾರು ಮಾಡಬಹುದು. ಒಪ್ಪದ ಮನೆಯನ್ನು ತಯಾರು ಮಾಡುವುದು ಕಷ್ಟ.

ಯಾಕೆ ಹೀಗೆ ಕಂತು? ಟಿಎಗೆ ಬರುವವರು ಎಂಜಿನಿಯರ್, ವಕೀಲ, ಮೇಷ್ಟ್ರು, ವ್ಯಾಪಾರಿ. ಅವರನ್ನು ಒಟ್ಟಿಗೆ ಒಂದು ವರ್ಷ ಅಕಾಡೆಮಿಗೆ ಕರೆದರೆ ಅವರ ಮೂಲ ಕೆಲಸವೇ ಹೋಗುತ್ತದೆ. ಮೂಲ ಕೆಲಸ ಹೋದರೆ ಟಿಎ ಅನ್ನುವ ಯೋಚನೆಯೇ ನಿಲ್ಲುವುದಿಲ್ಲ. ಆದ್ದರಿಂದ ಒಮ್ಮೆಗೆ ಕಡಿಮೆ ಕಲಿಸಿ, ಮರೆಯುವಷ್ಟರಲ್ಲಿ ಮತ್ತೆ ಕರೆದು ಕಲಿಸುತ್ತಾರೆ. ಬಂದೂಕು ಹಿಡಿಯುವುದು, ನಕ್ಷೆ ಓದುವುದು ಈಜಿನ ಥರ ಒಮ್ಮೆ ಕಲಿತರೆ ಉಳಿಯುವ ವಿದ್ಯೆಗಳಲ್ಲ. ಹತ್ತು ತಿಂಗಳು ಮುಟ್ಟದಿದ್ದರೆ ಕೈ ಮರೆಯುತ್ತದೆ. ವಾರ್ಷಿಕ ಶಿಬಿರ ಇರುವುದು ಈ ಮರೆವನ್ನು ಹೊಡೆದು ಹಾಕಲು.

ಜವಾನರಾಗುವವರಿಗೆ

ಸೈನಿಕರ ಭರ್ತಿ ರ್‍ಯಾಲಿಗಳ ಮೂಲಕ ನಡೆಯುತ್ತದೆ. ಕರ್ನಾಟಕ ಪುಣೆಯ ದಕ್ಷಿಣ ಕಮಾಂಡ್‌ನ ಟಿಎ ಗ್ರೂಪ್ ಕೆಳಗೆ ಬರುತ್ತದೆ. ನಮ್ಮಲ್ಲಿ ಬೆಂಗಳೂರಿನ 106 ಪ್ಯಾರಾ ಬೆಟಾಲಿಯನ್, ಬೆಳಗಾವಿಯ 115 ಮಹಾರ್ ಬೆಟಾಲಿಯನ್ ಟಿಎಯವೇ. ಧೋನಿ ಇರುವುದು ಈ 106ರಲ್ಲೇ. ವಯಸ್ಸು ಇಲ್ಲೂ 18ರಿಂದ 42. ಜನರಲ್ ಡ್ಯೂಟಿಗೆ ಹತ್ತನೇ ತರಗತಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 33 ಇರಬೇಕು. ಎತ್ತರ 160 ಸೆಂ.ಮೀ., ತೂಕ 50 ಕೆ.ಜಿ., ಎದೆ 77 ಸೆಂ.ಮೀ. ಇದ್ದು ಉಸಿರು ತುಂಬಿದಾಗ 82 ಆಗಬೇಕು. ಅಡುಗೆ, ಗುಮಾಸ್ತ, ಕ್ಷೌರಿಕನಂಥ ಕೆಲಸಗಳಿಗೆ ಬೇರೆ ಅರ್ಹತೆ ಇರುತ್ತದೆ. ಕೆಲವು ಪ್ರದೇಶ, ಸಮುದಾಯಗಳಿಗೆ ಎತ್ತರದಲ್ಲಿ ವಿನಾಯಿತಿಯೂ ಉಂಟು. ಆ ಸಲದ ಅಧಿಸೂಚನೆಯನ್ನು ಪೂರ್ತಿ ಓದಿಯೇ ಹೋಗಬೇಕು.

ರ್‍ಯಾಲಿಯಲ್ಲಿ 1.6 ಕಿ.ಮೀ. ಓಟ, ಪುಲ್-ಅಪ್, 9 ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ಹಲಗೆಯ ಮೇಲೆ ಬೀಳದೆ ನಡೆಯುವುದು ಇರುತ್ತದೆ. ಇದರಲ್ಲಿ ಹುಡುಗರನ್ನು ಹೊರಗೆ ಹಾಕುವುದು ಓಟವೇ. 1.6 ಕಿ.ಮೀ. ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ದೊಡ್ಡ ಗುಂಪನ್ನು ಒಟ್ಟಿಗೆ ಬಿಡುತ್ತಾರೆ. ಹಿಂದೆ ಉಳಿದೇನು ಅನ್ನುವ ಭಯಕ್ಕೆ ಎಲ್ಲರೂ ಮೊದಲ ಸುತ್ತನ್ನು ನೂರು ಮೀಟರ್ ರೇಸ್ ಥರ ಓಡುತ್ತಾರೆ. ಎರಡನೇ ಸುತ್ತಿನ ಕೊನೆಗೆ ಉಸಿರು ಹತ್ತುತ್ತದೆ. ಮೂರನೇ ಸುತ್ತಿನಲ್ಲಿ ಅರ್ಧ ಜನ ನಡೆಯುತ್ತಿರುತ್ತಾರೆ. ಊರಲ್ಲಿ ಅಭ್ಯಾಸ ಮಾಡುವಾಗ ಒಂದೊಂದು ಸುತ್ತಿನ ಸಮಯವನ್ನೂ ಬೇರೆಬೇರೆಯಾಗಿ ಬರೆದಿಡಿ. ನಾಲ್ಕೂ ಸುತ್ತು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬರುವ ಹಾಗೆ ಮಾಡಿಕೊಳ್ಳಿ. ಗುಂಪಿನಲ್ಲಿ ಓಡಿಯೂ ಅಭ್ಯಾಸ ಬೇಕು. ಒಬ್ಬನೇ ಓಡಿ ಕಲಿತವನು ಮೊಣಕೈ ತಾಗಿದ ಕೂಡಲೇ ಲಯ ತಪ್ಪುತ್ತಾನೆ.

ಆಯ್ಕೆಯಾದವರ ತರಬೇತಿ ಯೂನಿಟ್ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ಗ್ರಾಮೀಣ ಭಾಗದಿಂದ ಭರ್ತಿಯಾಗುವ, ಪ್ರಾವಿನ್ಷಿಯಲ್ ಅನ್ನುವ ಬಗೆಯ ಯೂನಿಟ್‌ಗಳಲ್ಲಿ ಮೊದಲ ವರ್ಷ 30 ದಿನ ರಂಗರೂಟ್, ಅಂದರೆ ಹೊಸಬರ ತರಬೇತಿ, ಜೊತೆಗೆ ವರ್ಷಕ್ಕೆ ಒಂದೇ ಬಾರಿಗೆ ಎರಡು ತಿಂಗಳ ವಾರ್ಷಿಕ ತರಬೇತಿ. ನಗರದ, ಅರ್ಬನ್ ಯೂನಿಟ್‌ಗಳಲ್ಲಿ ಮೊದಲ ವರ್ಷ 32 ದಿನ, ಆಮೇಲೆ ವರ್ಷಕ್ಕೆ 30 ದಿನ, ಅದರಲ್ಲಿ 14 ದಿನ ಶಿಬಿರ. ನಗರದವರು ವಾರಾಂತ್ಯ, ರಜಾದಿನಗಳಲ್ಲಿ ಬಂದು ದಿನ ತುಂಬಿಸುತ್ತಾರೆ. ನಾಲ್ಕು ಗಂಟೆ ತರಬೇತಿ ಮಾಡಿದರೆ ಒಂದು ದಿನದ ಲೆಕ್ಕ. ಹಳ್ಳಿಯವರಿಗೆ ಒಟ್ಟಿಗೆ, ಪೇಟೆಯವರಿಗೆ ಬಿಡಿಬಿಡಿಯಾಗಿ. ಬೇಸಾಯದ ಬಿಡುವು ಒಟ್ಟಿಗೆ ಸಿಗುತ್ತದೆ, ಆಫೀಸಿನ ಬಿಡುವು ಭಾನುವಾರ ಮಾತ್ರ ಸಿಗುತ್ತದೆ. ಈ ವ್ಯವಸ್ಥೆ ಮಾಡಿದವರು ಜನರ ಬದುಕನ್ನು ಬಲ್ಲವರೇ ಇರಬೇಕು.

ಇನ್ನೊಂದು ಬಗೆ ಇಲಾಖಾ ಯೂನಿಟ್‌ಗಳು. ರೈಲ್ವೆ, ಇಂಡಿಯನ್ ಆಯಿಲ್, ಒಎನ್‌ಜಿಸಿಯಂಥ ಸಂಸ್ಥೆಗಳ ನೌಕರರೇ ಅಲ್ಲಿ ಸೈನಿಕರು. ಯುದ್ಧವೋ ಮುಷ್ಕರವೋ ಬಂದರೂ ರೈಲು ಓಡಬೇಕು, ಎಣ್ಣೆ ಹರಿಯಬೇಕು ಅನ್ನುವುದು ಇದರ ಉದ್ದೇಶ. ಟಿಎಯ ಮೊದಲ ಮಹಿಳಾ ಅಧಿಕಾರಿ 2016ರಲ್ಲಿ ಬಂದದ್ದೂ ಇಂಥ ತೈಲ ಸಂಸ್ಥೆಯ ಯೂನಿಟ್ ಮೂಲಕ. ಮಹಿಳೆಯರನ್ನು ಹೊರಗಿಡುವಂತಿಲ್ಲ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟ ಮೇಲೆ ಬಾಗಿಲು ಇನ್ನಷ್ಟು ತೆರೆಯಿತು. ಪರಿಸರ ಬೆಟಾಲಿಯನ್‌ಗಳೂ ಇವೆ, ಅಲ್ಲಿ ಮಾಜಿ ಸೈನಿಕರೇ ಜಾಸ್ತಿ. ಮೊದಲನೆಯದು 1982ರಲ್ಲಿ ಶುರುವಾಯಿತು. ಕಲ್ಲುಗಣಿಯಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಲ್ಲಿ ಗಿಡ ನೆಟ್ಟು ಹಸಿರು ತಂದದ್ದು ಅವರೇ.

ಆ ಮೂವತ್ತು ದಿನ ಏನು ಮಾಡಿಸುತ್ತಾರೆ

ಬೆಳಗ್ಗೆ ಪಿಟಿ. ಆಮೇಲೆ ಡ್ರಿಲ್. ಆಮೇಲೆ ಆಯುಧ ತರಬೇತಿ, ನಕ್ಷೆ ಪಾಠ, ಫೀಲ್ಡ್‌ಕ್ರಾಫ್ಟ್ (ಮರೆಯಲ್ಲಿ ನಿಲ್ಲುವುದು, ಕಾಣದ ಹಾಗೆ ಚಲಿಸುವುದು), ಪ್ರಥಮ ಚಿಕಿತ್ಸೆ. ಸಂಜೆ ಆಟ, ರಾತ್ರಿ ಹಾಜರಿ. ಆದೇಶಗಳೆಲ್ಲ ಹಿಂದಿಯಲ್ಲಿ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ಥಮ್. ಎನ್‌ಸಿಸಿ ಮಾಡಿದವರಿಗೆ ಇವು ಗೊತ್ತು. ಉಳಿದವರು ಹಿಂದಿಯನ್ನು ಕೇಳಿ ಅರ್ಥ ಮಾಡಿಕೊಳ್ಳುವಷ್ಟಾದರೂ ಮೊದಲೇ ರೂಢಿ ಮಾಡಿಕೊಂಡರೆ ಒಳ್ಳೆಯದು. ಪಾಠ ಹೇಳುವವರನ್ನು ಉಸ್ತಾದ್ ಅನ್ನುತ್ತಾರೆ. ನೀವು ಲೆಫ್ಟಿನೆಂಟ್ ಆಗಿದ್ದರೂ ನಿಮಗೆ ರೈಫಲ್ ಹಿಡಿಯಲು ಕಲಿಸುವುದು ಆ ಹವಾಲ್ದಾರ್ ಉಸ್ತಾದೇ. ಅವರ ಮುಂದೆ ಕಲಿಯುವ ಮನಸ್ಸಿಟ್ಟುಕೊಂಡು ಕೂತವರು ಬೇಗ ಕಲಿಯುತ್ತಾರೆ.

ಆಯುಧ ತರಬೇತಿ ಗುಂಡು ಹಾರಿಸುವುದರಿಂದ ಶುರುವಾಗುವುದಿಲ್ಲ. ಖೋಲ್ನಾ-ಜೋಡ್ನಾ ಅಂತ ಶುರುವಾಗುತ್ತದೆ. ರೈಫಲನ್ನು ಬಿಚ್ಚುವುದು, ಜೋಡಿಸುವುದು. ಮೊದಲು ಮ್ಯಾಗಜೀನ್ ತೆಗೆದು, ಒಳಗೆ ಗುಂಡು ಉಳಿದಿಲ್ಲ ಅಂತ ನೋಡಿಕೊಳ್ಳಬೇಕು. ಆಮೇಲೆ ಭಾಗಗಳನ್ನು ಒಂದು ಕ್ರಮದಲ್ಲಿ ಬಿಚ್ಚಿ ಬಟ್ಟೆಯ ಮೇಲೆ ಅದೇ ಕ್ರಮದಲ್ಲಿ ಇಡಬೇಕು. ಜೋಡಿಸುವಾಗ ಕೊನೆಯಲ್ಲಿ ತೆಗೆದದ್ದು ಮೊದಲು ಹೋಗುತ್ತದೆ. ಸಾಲಿನಲ್ಲಿ ಒಂದು ಭಾಗ ಅತ್ತಿತ್ತ ಆದರೂ ಕೈ ತಡವರಿಸುತ್ತದೆ. ಇದನ್ನು ಕಣ್ಣುಮುಚ್ಚಿ ಮಾಡುವಷ್ಟು ಸಲ ಮಾಡಿಸುತ್ತಾರೆ. ರಾತ್ರಿ ಕತ್ತಲಲ್ಲಿ, ಮಳೆಯಲ್ಲಿ ಆಯುಧ ಸಿಕ್ಕಿಕೊಂಡರೆ ಟಾರ್ಚ್ ಹಾಕಿ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೆ.

ಫೈರಿಂಗ್ ರೇಂಜಿಗೆ ಹೋದಾಗಲೂ ಮೊದಲು ನೋಡುವುದು ಗ್ರೂಪಿಂಗ್. ಐದು ಗುಂಡು ಕೊಡುತ್ತಾರೆ. ಐದೂ ಗುರಿಯ ನಡುವಿಗೆ ಬೀಳಬೇಕೆಂದಿಲ್ಲ. ಐದೂ ಒಂದೇ ಜಾಗದಲ್ಲಿ, ಒಂದರ ಪಕ್ಕ ಒಂದು ಬೀಳಬೇಕು. ಎಡಕ್ಕೆ ಒತ್ತಾಗಿ ಐದು ರಂಧ್ರ ಬಿದ್ದರೆ ಉಸ್ತಾದ್ ಖುಷಿಪಡುತ್ತಾರೆ. ಯಾಕೆಂದರೆ ಹುಡುಗ ಪ್ರತಿ ಸಲವೂ ಒಂದೇ ಥರ ಹಿಡಿದಿದ್ದಾನೆ, ಒಂದೇ ಥರ ಉಸಿರು ತಡೆದಿದ್ದಾನೆ, ಟ್ರಿಗರನ್ನು ಜಗ್ಗದೆ ಮೆಲ್ಲಗೆ ಒತ್ತಿದ್ದಾನೆ ಅಂತ ಅರ್ಥ. ಎಡಕ್ಕೆ ಬೀಳುವುದನ್ನು ಸೈಟ್, ಅಂದರೆ ರೈಫಲ್ ಮೇಲೆ ಗುರಿ ನೋಡುವ ಭಾಗ, ತಿರುಗಿಸಿ ಸರಿಮಾಡಬಹುದು. ಒಂದು ಮೇಲೆ, ಒಂದು ಕೆಳಗೆ, ಒಂದು ನಟ್ಟನಡುವೆ ಬಿದ್ದರೆ ನಡುವಿನದು ಅದೃಷ್ಟ ಅಷ್ಟೇ. ಅದನ್ನು ಯಾವ ಸೈಟೂ ಸರಿಮಾಡಲಾರದು. ಮತ್ತೆ ಮಲಗಿಸಿ, ಮೊಣಕೈ ಸರಿಮಾಡಿ, ಖಾಲಿ ರೈಫಲ್‌ನಲ್ಲೇ ಅಭ್ಯಾಸ ಮಾಡಿಸುತ್ತಾರೆ.

ನಕ್ಷೆ ಪಾಠದಲ್ಲಿ ಸರ್ವೇ ಆಫ್ ಇಂಡಿಯಾದ ನಕ್ಷೆ, ಪ್ರಿಸ್ಮ್ಯಾಟಿಕ್ ದಿಕ್ಸೂಚಿ, ನಕ್ಷೆಯ ಮೇಲೆ ಜಾಗ ಗುರುತಿಸುವ ಆರು ಅಂಕಿಯ ಗ್ರಿಡ್ ರೆಫರೆನ್ಸ್ ಇರುತ್ತವೆ. ಫೋನಿನ ಮ್ಯಾಪ್ ನೋಡಿ ಬೆಳೆದವರಿಗೆ ಉತ್ತರ ದಿಕ್ಕೇ ಮೂರು ಥರ ಇದೆ ಅನ್ನುವುದು ಮೊದಲ ಅಚ್ಚರಿ: ಭೂಮಿಯ ಧ್ರುವದ ಉತ್ತರ, ದಿಕ್ಸೂಚಿಯ ಮುಳ್ಳು ತೋರುವ ಉತ್ತರ, ನಕ್ಷೆಯ ಗೆರೆಗಳ ಉತ್ತರ. ಇವುಗಳ ನಡುವಿನ ವ್ಯತ್ಯಾಸ ಸಣ್ಣದೇ. ಆದರೆ ಐದು ಕಿ.ಮೀ. ನಡೆಯುವಷ್ಟರಲ್ಲಿ ಒಂದು ಡಿಗ್ರಿ ತಪ್ಪು ಸುಮಾರು 90 ಮೀಟರ್ ದೂರಕ್ಕೆ ಒಯ್ಯುತ್ತದೆ. ಕತ್ತಲಲ್ಲಿ ಜವಾನರನ್ನು ಕರೆದುಕೊಂಡು ಹೋಗುವ ಅಧಿಕಾರಿಗೆ ಅದು ಬಹಳ ದೂರ.

ದೇಹದ ಕಡೆಯಿಂದ ಹೇಳುವುದಾದರೆ, ಸೇನೆಯ ನಿಯಮಿತ ಪರೀಕ್ಷೆಗಳಲ್ಲಿ 2.4 ಕಿ.ಮೀ. ಓಟ ಒಂದು. ಇನ್ನೊಂದು, ಆಯುಧ ಮತ್ತು ಸಾಮಾನು ಹೊತ್ತು 5 ಕಿ.ಮೀ. ಓಟ, ಜೊತೆಗೆ ಹಗ್ಗ ಹತ್ತುವುದು, 9 ಅಡಿ ಹಳ್ಳ ಜಿಗಿಯುವುದು. ವಯಸ್ಸಿಗೆ ತಕ್ಕಂತೆ ಸಮಯದಲ್ಲಿ ರಿಯಾಯಿತಿ ಉಂಟು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ನನ್ನ ಸಲಹೆ, ಜಿಮ್ಮಿನಲ್ಲಿ ತೋಳು ಬೆಳೆಸುವುದಕ್ಕಿಂತ ಓಟ ಮತ್ತು ಪುಲ್-ಅಪ್‌ಗೆ ಸಮಯ ಕೊಡಿ. ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವುದನ್ನು ರೂಢಿಸಿಕೊಳ್ಳಿ. ಹೊಸ ಬೂಟು ಕಾಲನ್ನು ಕಚ್ಚುತ್ತದೆ. ತರಬೇತಿಯ ಮೊದಲ ವಾರ ಎಷ್ಟೋ ಜನರನ್ನು ಕುಂಟಿಸುವುದು ಹಿಮ್ಮಡಿಯ ಗುಳ್ಳೆಯೇ. ಬೂಟು ಸಿಕ್ಕ ದಿನದಿಂದಲೇ ಸುಮ್ನೆ ಮನೆಯಲ್ಲೂ ಹಾಕಿಕೊಂಡು ಓಡಾಡಿ ಮೆತ್ತಗೆ ಮಾಡಿಕೊಳ್ಳುವುದು ಒಳ್ಳೆಯದು.

ತರಬೇತಿ ಮುಗಿದ ಮೇಲೆ ಕರೆ ಬಂದರೆ

ವರ್ಷಕ್ಕೆ ಎರಡು ತಿಂಗಳು ಅನ್ನುವುದು ಶಾಂತಿಯ ಲೆಕ್ಕ. ಸರ್ಕಾರ ಬೇಕಾದಾಗ ಟಿಎ ಯೂನಿಟ್‌ಗಳನ್ನು ಪೂರ್ಣಾವಧಿ ಸೇವೆಗೆ ಕರೆಯಬಹುದು. ಇದನ್ನು ಎಂಬಾಡಿಮೆಂಟ್ ಅನ್ನುತ್ತಾರೆ. 2025ರ ಮೇ 6ರಂದು ರಕ್ಷಣಾ ಸಚಿವಾಲಯ ಟಿಎ ನಿಯಮ 33ರ ಅಡಿ ಭೂಸೇನೆಯ ಮುಖ್ಯಸ್ಥರಿಗೆ ಈ ಅಧಿಕಾರ ಕೊಟ್ಟಿತು. ಟಿಎಯ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗೆ ಇಳಿಸಲು ಅದೇ ಆದೇಶದಲ್ಲಿ ಒಪ್ಪಿಗೆ ಇತ್ತು. ಆದೇಶದ ಅವಧಿ 2028ರ ಫೆಬ್ರುವರಿವರೆಗೆ. ಅಂದರೆ "ಅರೆಕಾಲಿಕ" ಅನ್ನುವುದನ್ನು "ಹಗುರ" ಅಂತ ಓದಿಕೊಳ್ಳಬಾರದು. ಗಡಿ ಭಾಗದಲ್ಲಿ ವರ್ಷಗಟ್ಟಲೆ ನಿಂತ ಟಿಎ ಬೆಟಾಲಿಯನ್‌ಗಳಿವೆ. ಅಲ್ಲಿ ಪ್ರಾಣ ಕೊಟ್ಟವರಿದ್ದಾರೆ. ಸೇವೆಯಲ್ಲಿರುವಾಗ ನಿಮಗೂ ಸೇನಾ ಕಾಯ್ದೆ ಅನ್ವಯಿಸುತ್ತದೆ. ಲೆಫ್ಟಿನೆಂಟ್‌ಗೆ ಕಾಯಂ ಸೇನೆಯದೇ ಸಂಬಳ, ಮೂಲ ವೇತನ 56,100 ರೂಪಾಯಿಯಿಂದ ಶುರು, ಜೊತೆಗೆ ತಿಂಗಳಿಗೆ 15,500 ರೂಪಾಯಿ ಸೇನಾ ಸೇವಾ ವೇತನ. ಸೇವೆಯಲ್ಲಿರುವ ದಿನಗಳಿಗೆ ಮಾತ್ರ. ಪಿಂಚಣಿ ಖಾತ್ರಿಯಿಲ್ಲ, ಅದನ್ನು ಅಧಿಸೂಚನೆಯೇ ಹೇಳುತ್ತದೆ.

ಹಾಗಾದರೆ ಮೂಲ ಕೆಲಸದ ಗತಿ? ಟಿಎ ಕಾಯ್ದೆಯ 7ಎ ಕಲಂ ಇದಕ್ಕೇ ಇರುವುದು. ಸೇನಾ ಸೇವೆಗೆ ಕರೆಸಿಕೊಂಡ ನೌಕರ ವಾಪಸ್ ಬಂದಾಗ ಮಾಲೀಕ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಹಿಂದಿಗಿಂತ ಕೀಳಾದ ಷರತ್ತು ಹಾಕುವಂತಿಲ್ಲ. 7ಬಿ ಕಲಂ ಭವಿಷ್ಯ ನಿಧಿಯಂಥ ಹಕ್ಕುಗಳನ್ನು ಕಾಪಾಡುತ್ತದೆ. ಕಾನೂನು ಇದೆ ನಿಜ. ಆದರೆ ಪ್ರಾಜೆಕ್ಟ್ ನಡುವೆ ಎದ್ದು ಹೋಗುವ ನೌಕರನಿಗೆ ಬಡ್ತಿ ಕೊಡುವಾಗ ಕಂಪನಿ ಏನು ಯೋಚಿಸುತ್ತದೆ ಅನ್ನುವುದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲ. ಅದಕ್ಕೇ ಸರ್ಕಾರಿ ನೌಕರರು ಮೊದಲೇ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಖಾಸಗಿಯವರೂ ಎಚ್‌ಆರ್‌ಗೆ ಕಾಯ್ದೆಯ ಪ್ರತಿ ತೋರಿಸಿ, ಮಾತನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಅರ್ಜಿಯ ಪ್ರಕಟಣೆ ಟೆರಿಟೋರಿಯಲ್ ಆರ್ಮಿಯ ಅಧಿಕೃತ ಜಾಲತಾಣದಲ್ಲಿ ಬರುತ್ತದೆ. ಅಧಿಕಾರಿ ಹುದ್ದೆಗೆ ಅರ್ಜಿ ಆನ್‌ಲೈನ್. ಸೈನಿಕರ ರ್‍ಯಾಲಿಗೆ ಮೂಲ ದಾಖಲೆ, ಅವುಗಳ ನಕಲು, ಫೋಟೊ ಹಿಡಿದು ನೇರ ಮೈದಾನಕ್ಕೆ ಹೋಗಬೇಕು. ಹೆಸರಿನ ಅಕ್ಷರ, ಹುಟ್ಟಿದ ದಿನ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಒಂದೇ ಇವೆಯಾ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಬೇರೆಬೇರೆ ಇದ್ದರೆ ತಿದ್ದಿಸಲು ತಿಂಗಳು ಹಿಡಿಯುತ್ತದೆ, ರ್‍ಯಾಲಿ ಅಷ್ಟು ದಿನ ಕಾಯುವುದಿಲ್ಲ. ದುಡ್ಡು ಕೊಟ್ಟರೆ ಸೇರಿಸುತ್ತೇವೆ ಅನ್ನುವವರು ಎಲ್ಲ ರ್‍ಯಾಲಿಯ ಹೊರಗೂ ಇರುತ್ತಾರೆ. ಆಯ್ಕೆಯಲ್ಲಿ ಅವರ ಕೈ ಎಲ್ಲೂ ಇರುವುದಿಲ್ಲ, ಒಂದು ರೂಪಾಯಿಯನ್ನೂ ಕೊಡಬೇಡಿ.